ದೋಸೆಗಾಡಿಯ ಬ್ರೇಕು

ನ್ಯೂಜಿಲೆಂಡಿನ ಪಾಪಕುರಾದಲ್ಲಿ ಜುಲೈ ಅಂದರೆ ನಡುಚಳಿಗಾಲ. ಬೆಳಗ್ಗೆ ಎಂಟಾದರೂ ಹುಲ್ಲಿನ ಮೇಲಿನ ಇಬ್ಬನಿ ಆರಿಲ್ಲ. ಅಕ್ಕನ ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ಭಾವ ಅಂಗಾತ ಮಲಗಿದ್ದಾರೆ. ನಮಗೆ ಕಾಣುವುದು ಎರಡು ಗಂಬೂಟು ಮಾತ್ರ. ಅವರ ಮೇಲಿರುವುದು ದೋಸೆಗಾಡಿ. ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರು: ನಾಲ್ಕು ಚಕ್ರ, ಒಳಗೆ ಕಬ್ಬಿಣದ ಕಾವಲಿ, ಗ್ರೈಂಡರು, ಎರಡು ಗ್ಯಾಸ್ ಸಿಲಿಂಡರು, ನೀರಿನ ಟ್ಯಾಂಕು. ಎಲ್ಲ ತುಂಬಿದರೆ ಎರಡೂವರೆ ಟನ್ನಿನ ಮೇಲೆ.

ಹಿಂದಿನ ವಾರ ಹ್ಯಾಮಿಲ್ಟನ್ ಕಡೆಯ ಸಂತೆ ಮುಗಿಸಿ ಬರುವಾಗ ಬಾಂಬೆ ಹಿಲ್ಸ್ ಇಳಿಜಾರಿನಲ್ಲಿ ಗಾಡಿ ಕಾರನ್ನೇ ನೂಕಿತಂತೆ. (1860ರ ದಶಕದಲ್ಲಿ ವಲಸಿಗರನ್ನು ಹೊತ್ತು ತಂದ 'ಬಾಂಬೆ' ಎಂಬ ಹಡಗಿನಿಂದ ಆ ಗುಡ್ಡಕ್ಕೆ ಈ ಹೆಸರು.) ಪೆಡಲು ಒತ್ತಿದರೆ ಕಾರು ನಿಲ್ಲಲು ನೋಡುತ್ತದೆ, ಗಾಡಿ ಒಪ್ಪುವುದಿಲ್ಲ.

ನಮ್ಮ ಮಂಡ್ಯದ ಕಡೆ ಕಬ್ಬಿನ ಟ್ರೇಲರಿಗೆ ಬ್ರೇಕಿದೆಯೇ ಎಂದು ಯಾರೂ ಕೇಳುವುದಿಲ್ಲ. ದಿಬ್ಬದಲ್ಲಿ ನಿಂತರೆ ಹುಡುಗನೊಬ್ಬ ಹಾರಿ ಚಕ್ರಕ್ಕೆ ಕಲ್ಲು ಕೊಡುತ್ತಾನೆ, ಅಷ್ಟೆ. ಇಲ್ಲಿ ಹಾಗಲ್ಲ. ತುಂಬಿದ ತೂಕ 2,000 ಕಿಲೋ ದಾಟಿದರೆ ಟ್ರೇಲರಿಗೆ ತನ್ನದೇ ಬ್ರೇಕು ಬೇಕು. ಗಂಟೆಗೆ 30 ಕಿಲೋಮೀಟರ್ ವೇಗದಿಂದ ಕಾರೂ ಗಾಡಿಯೂ ಜೊತೆಯಾಗಿ 7 ಮೀಟರಿನೊಳಗೆ ನಿಲ್ಲಬೇಕು.

ದೋಸೆಗಾಡಿಯ ಬ್ರೇಕಿನಲ್ಲಿ ಎಣ್ಣೆಯ ಕೊಳವೆಯಿಲ್ಲ. ಪ್ರತಿ ಡ್ರಮ್ಮಿನೊಳಗೂ ಒಂದು ವಿದ್ಯುತ್ ಮ್ಯಾಗ್ನೆಟ್. ಕರೆಂಟು ಬಂದೊಡನೆ ಅದು ತಿರುಗುವ ಡ್ರಮ್ಮಿನ ಒಳಮೈಗೆ ಅಂಟಿಕೊಂಡು, ಡ್ರಮ್ಮಿನ ಜೊತೆಗೇ ಸ್ವಲ್ಪ ಜರುಗಿ, ಒಂದು ಸನ್ನೆಕೋಲನ್ನು ಎಳೆಯುತ್ತದೆ. ಅದು ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಕರೆಂಟು ಸಣ್ಣಗಾದರೆ ಹಿಡಿತವೂ ಸಣ್ಣಗೆ.

ಭಾವ ಆತುರದವರು. ನಾಲ್ಕು ಹೊಸ ಮ್ಯಾಗ್ನೆಟ್ ತಂದಿಟ್ಟುಕೊಂಡೇ ಕೆಲಸಕ್ಕೆ ಇಳಿದಿದ್ದರು. "ಮೊದಲು ಅಳತೆ ನೋಡೋಣ ಭಾವ" ಎಂದೆ. ಹಳೆಯವು ಸತ್ತಿವೆಯೋ ಬದುಕಿವೆಯೋ ತಿಳಿಯಲು ಅಕ್ಕನ ದೇವರಮನೆಯಿಂದ ವಾಸ್ತುವಿನ ದಿಕ್ಸೂಚಿ ಬಂತು. ನಾನು ಕಾರಿನೊಳಗೆ, ಗಾಡಿಯ ಬ್ರೇಕಿಗೆ ಕರೆಂಟು ಕಳಿಸುವ ಕಂಟ್ರೋಲರಿನ ಲಿವರು ಒತ್ತಿ ಹಿಡಿದೆ. ಭಾವ ಒಂದೊಂದು ಚಕ್ರದ ಹಿಂದೆ ದಿಕ್ಸೂಚಿ ಹಿಡಿದರು. ನಾಲ್ಕೂ ಕಡೆ ಮುಳ್ಳು ಹೊರಳಿತು.

"ಮ್ಯಾಗ್ನೆಟ್ಟೆಲ್ಲ ಜೀವಂತ ಕಣಯ್ಯ. ಆದ್ರೂ ಯಾಕೆ ಹಿಡೀತಿಲ್ಲ?"

ನಾಲ್ಕೂ ಒಟ್ಟಿಗೆ ಸೊರಗಿದರೆ ತಪ್ಪು ಚಕ್ರದಲ್ಲಿ ಇರುವುದು ಕಡಿಮೆ, ಕರೆಂಟು ಬರುವ ದಾರಿಯಲ್ಲಿ ಇರುವುದೇ ಹೆಚ್ಚು. ಆದರೆ ಮೀಟರಿಗೂ ಮೋಸವಾಗುತ್ತದೆ. ಚಕ್ರದ ಬಳಿ ತಂತಿ ಬಿಚ್ಚಿ, ಲಿವರು ಒತ್ತಿ ನೋಡಿದರೆ 12 ವೋಲ್ಟ್ ಠೀವಿಯಿಂದ ನಿಂತಿತ್ತು. ಮತ್ತೆ ಸೇರಿಸಿ ಲಿವರು ಒತ್ತಿದಾಗ 9ಕ್ಕೆ ಕುಸಿಯಿತು. ಊರಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ಮನೆಯ ಬಲ್ಬು ಕೆಂಪಾಗುತ್ತದಲ್ಲ, ಅದೇ ಕತೆ. ಒಂದೊಂದು ಮ್ಯಾಗ್ನೆಟ್ 3 ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ನಾಲ್ಕಕ್ಕೆ 12ರ ಮೇಲಾಯಿತು. ಸವೆದ ತಂತಿಗೆ ಅಷ್ಟು ಹೊರುವ ತ್ರಾಣವಿರುವುದಿಲ್ಲ.

ಲಿವರು ಒತ್ತಿದಂತೆಯೇ ಇಟ್ಟು ಟ್ರೇಲರಿನ ಚಾಸಿಗೂ ಕಾರಿನ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದೆವು. ಸೊನ್ನೆಯ ಹತ್ತಿರ ಇರಬೇಕಾದಲ್ಲಿ ಎರಡೂವರೆ ವೋಲ್ಟ್. ಕಳ್ಳ ಸಿಕ್ಕ: ಚಾಸಿಗೆ ಬಿಗಿದ ಅರ್ಥ್ ಬೋಲ್ಟು. ಪಹುರೆಹುರೆ ಕೊಲ್ಲಿಯ ಉಪ್ಪುಗಾಳಿಗೂ ಪಾತ್ರೆ ತೊಳೆದ ನೀರಿಗೂ ಸಿಕ್ಕಿ ತುಕ್ಕು ಹಿಡಿದು ಬೆಲ್ಲದ ಉಂಡೆಯಂತಾಗಿತ್ತು. ಮರಳುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಹೊಸ ಥಿಂಬಲ್ ಹಾಕಿ, ಪ್ಲಗ್ಗಿನಿಂದ ಆಕ್ಸಲ್ಲಿನವರೆಗೆ ದಪ್ಪ ತಂತಿಯನ್ನೇ ಎಳೆದೆವು.

ಇಷ್ಟಾದ ಮೇಲೆ ಚಕ್ರಗಳನ್ನು ಎತ್ತಿ, ಡ್ರಮ್ಮಿನ ಹಿಂದಿನ ಕಿಂಡಿಯೊಳಗೆ ಸ್ಕ್ರೂಡ್ರೈವರು ತೂರಿಸಿ, ಶೂಗಳನ್ನು ಹೊಂದಿಸುವ ಹಲ್ಲುಚಕ್ರವನ್ನು ಬಿಗಿಯಾಗುವವರೆಗೆ ತಿರುವಿ, ಹತ್ತು ಹಲ್ಲು ಸಡಿಲಿಸಿದೆವು. ಶೂ ಮೇಲೆ ಗ್ರೀಸು ಇಳಿದಿರಲಿಲ್ಲ, ಪುಣ್ಯ. ಇಳಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು.

"ಮಸಿ ಕೈಲಿ ದೇವರಮನೆ ಕಡೆ ಬರಬೇಡ್ರೀ" ಎಂದು ಅಕ್ಕ ದಿಕ್ಸೂಚಿಯನ್ನು ಸೆರಗಿನಲ್ಲಿ ಒರೆಸಿ ಒಳಗೊಯ್ದಳು.

ಮಧ್ಯಾಹ್ನ ಖಾಲಿ ಬೀದಿಯಲ್ಲಿ ಭಾವ ನಿಧಾನವಾಗಿ ಓಡಿಸುತ್ತ, ಪೆಡಲು ಮುಟ್ಟದೆ ಲಿವರನ್ನಷ್ಟೇ ಒತ್ತಿದರು. ಗಾಡಿ ಹಿಂದಿನಿಂದ ಕಾರನ್ನು ಹಿಡಿದೆಳೆದು ನಿಲ್ಲಿಸಿತು. ಸೋಮವಾರ ಅವರು ಸೀಲು ಒಡೆಯದ ನಾಲ್ಕು ಮ್ಯಾಗ್ನೆಟ್ಟುಗಳನ್ನು ಅಂಗಡಿಗೆ ವಾಪಸು ಕೊಟ್ಟು ಬಂದರು.