ಅರ್ಥವು ಅನರ್ಥವಾದ ವರ್ಷ

ಸಂಸ್ಕೃತದಲ್ಲಿ ‘ಅರ್ಥ’ವೆಂಬ ಒಂದೇ ಶಬ್ದವು ಧನವನ್ನೂ ಹೇಳುತ್ತದೆ, ಮಾತಿನ ತಾತ್ಪರ್ಯವನ್ನೂ ಹೇಳುತ್ತದೆ. ಇವೆರಡಕ್ಕೂ ಒಂದೇ ಹೆಸರೇಕೆಂದು ವಿದ್ಯಾರ್ಥಿಗಳು ಕೇಳುವುದುಂಟು. ಆಲೋಚಿಸಿ ನೋಡಿದರೆ ಎರಡಕ್ಕೂ ಆಧಾರವು ಒಂದೇ. ‘ನೀರು’ ಎಂದರೆ ಕೇಳುವವನೂ ನೀರೆಂದೇ ತಿಳಿಯುವನೆಂಬ ಭರವಸೆಯಿಂದ ನಾವು ಮಾತನಾಡುತ್ತೇವೆ. ಹತ್ತು ರೂಪಾಯಿ ಕೊಟ್ಟರೆ ಅಂಗಡಿಯವನು ಹತ್ತು ರೂಪಾಯಿಯ ಪದಾರ್ಥವನ್ನು ಕೊಡುವನೆಂಬ ಭರವಸೆಯಿಂದ ಸಂಸಾರ ನಡೆಸುತ್ತೇವೆ. ಆ ಭರವಸೆ ಹೋದರೆ ಮಾತು ಬರಿಯ ಸದ್ದು, ಹಣ ಬರಿಯ ಕಾಗದ. ವಿದ್ಯೆಯಲ್ಲಿಯೂ ಉದ್ಯಮದಲ್ಲಿಯೂ ಹೆಸರಾಂತ ಒಂದು ರಾಷ್ಟ್ರದಲ್ಲಿ ಹೀಗೆ ಅರ್ಥವು ಅನರ್ಥವಾದ ವೃತ್ತಾಂತವನ್ನು ವಾಚಕರ ಮುಂದಿಡಬಯಸುತ್ತೇವೆ. ಅದು 1923ನೆಯ ಇಸವಿಯ ಜರ್ಮನಿಯ ವೃತ್ತಾಂತ.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಗುವ ಮೊದಲು ಜರ್ಮನಿಯ ನಾಣ್ಯವಾದ ಮಾರ್ಕಿಗೆ ಲೋಕದಲ್ಲೆಲ್ಲ ಮರ್ಯಾದೆಯಿತ್ತು. ನೋಟನ್ನು ಕೊಟ್ಟರೆ ಬ್ಯಾಂಕಿನವರು ಚಿನ್ನವನ್ನು ಕೊಡುತ್ತಿದ್ದರು. ಅಮೆರಿಕದ ಒಂದು ಡಾಲರಿಗೆ 4.2 ಮಾರ್ಕುಗಳು ಸಮವಾಗಿದ್ದುವು. ಯುದ್ಧವು ತೊಡಗುತ್ತಲೇ ಸರ್ಕಾರವು ಚಿನ್ನ ಕೊಡುವುದನ್ನು ನಿಲ್ಲಿಸಿತು. ಯುದ್ಧದ ವೆಚ್ಚಕ್ಕೆ ತೆರಿಗೆಯನ್ನು ಸಾಕಷ್ಟು ಹಾಕದೆ, ಒಂಬತ್ತು ಬಾರಿ ಪ್ರಜೆಗಳಿಂದ ಸಾಲವೆತ್ತಿತು. ಗೆದ್ದ ಮೇಲೆ ಶತ್ರುಗಳಿಂದ ವಸೂಲು ಮಾಡಿ ತೀರಿಸಬಹುದೆಂಬುದು ಅಧಿಕಾರಿಗಳ ಎಣಿಕೆ. ದೇಶಭಕ್ತಿಯಿಂದ ಉಪಾಧ್ಯಾಯರೂ ಗುಮಾಸ್ತರೂ ವಿಧವೆಯರೂ ತಮ್ಮ ಉಳಿತಾಯವನ್ನು ಕೊಟ್ಟು ಯುದ್ಧಸಾಲದ ಪತ್ರಗಳನ್ನು ಕೊಂಡರು. ಹೀಗೆ ಕೂಡಿದ ಮೊತ್ತವು ಹತ್ತಿರ ಹತ್ತಿರ ಹತ್ತು ಸಾವಿರ ಕೋಟಿ ಮಾರ್ಕುಗಳು.

1918ರಲ್ಲಿ ಜರ್ಮನಿಯು ಸೋತಿತು. 1919ರ ವರ್ಸೇಲ್ಸ್ ಒಪ್ಪಂದದಂತೆ ಯುದ್ಧನಷ್ಟವನ್ನು ತಾನೇ ತುಂಬಿಕೊಡಬೇಕಾಯಿತು. 1921ರಲ್ಲಿ ಆ ಮೊತ್ತವನ್ನು 13,200 ಕೋಟಿ ಚಿನ್ನದ ಮಾರ್ಕುಗಳೆಂದು ಗೊತ್ತುಮಾಡಿದರು. ಒಳಗೆ ಪ್ರಜೆಗಳ ಸಾಲ, ಹೊರಗೆ ಗೆದ್ದವರ ಸಾಲ. ಜೊತೆಗೆ ಗಾಯಾಳುಗಳಿಗೂ ಅನಾಥರಿಗೂ ಕೊಡಬೇಕಾದ ಮಾಸಾಶನ. ಆದಾಯವು ಸಾಲದು. ತೆರಿಗೆಯನ್ನು ಹೆಚ್ಚಿಸಿದರೆ ಹೊಸ ಗಣರಾಜ್ಯವು ಉಳಿಯದೆಂಬ ಭಯ. ಆದುದರಿಂದ ಸರ್ಕಾರವು ಸುಲಭವಾದ ದಾರಿಯನ್ನು ಹಿಡಿದು, ರೈಖ್ಸ್‌ಬ್ಯಾಂಕೆಂಬ ತನ್ನ ಬ್ಯಾಂಕಿನಿಂದ ನೋಟುಗಳನ್ನು ಅಚ್ಚುಹಾಕಿಸಿತು. ವಿದೇಶದಲ್ಲಿ ಮಾರ್ಕಿನ ಬೆಲೆ ಕುಸಿದುದರಿಂದ ಪದಾರ್ಥಗಳ ಬೆಲೆಯು ಏರುತ್ತಿದೆ, ನಾವು ಜನರ ಅವಶ್ಯಕತೆಯನ್ನು ಪೂರೈಸುತ್ತಿದ್ದೇವೆ ಅಷ್ಟೆ ಎಂಬುದು ಆ ಬ್ಯಾಂಕಿನ ಅಧ್ಯಕ್ಷರಾದ ಹಾವೆನ್‌ಸ್ಟೈನರ ನಂಬಿಕೆಯಾಗಿತ್ತು. ಉರಿಯುವ ಮನೆಗೆ ಎಣ್ಣೆಯನ್ನು ಹೊತ್ತು ಹಾಕುತ್ತ, ನೀರೆರೆಯುತ್ತಿದ್ದೇವೆಂದು ಅವರು ಪ್ರಾಮಾಣಿಕವಾಗಿಯೇ ತಿಳಿದಿದ್ದರು.

1922ರ ಜೂನ್ ತಿಂಗಳಲ್ಲಿ ವಿದೇಶಾಂಗ ಮಂತ್ರಿಗಳಾದ ವಾಲ್ಟರ್ ರಾಟೆನೌ ಕೊಲೆಯಾದರು. ಮಾರ್ಕಿನ ಮೇಲೆ ಉಳಿದಿದ್ದ ಹೊರಗಿನವರ ವಿಶ್ವಾಸವೂ ಅಲುಗಿತು. 1923ರ ಜನವರಿಯಲ್ಲಿ, ಒಪ್ಪಿದಷ್ಟು ಕಲ್ಲಿದ್ದಲನ್ನೂ ಮರವನ್ನೂ ಕೊಡಲಿಲ್ಲವೆಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯಗಳು ಗಣಿಗಳ ನೆಲೆಯಾದ ರೂರ್ ಪ್ರಾಂತವನ್ನು ಆಕ್ರಮಿಸಿದುವು. ಅಲ್ಲಿಯ ಕಾರ್ಮಿಕರು ಆಯುಧವೆತ್ತದೆ ಕೆಲಸವನ್ನು ನಿಲ್ಲಿಸಿದರು. ಅವರ ಜೀವನಕ್ಕೆ ಬೇಕಾದ ಹಣವನ್ನು ಸರ್ಕಾರವು ಅಚ್ಚಿನ ಯಂತ್ರದಿಂದಲೇ ಒದಗಿಸಿತು. ದುಡಿಮೆ ನಿಂತಿತು, ನೋಟು ಮಾತ್ರ ಬೆಳೆಯಿತು. ಆ ಜನವರಿಯಲ್ಲಿ ಒಂದು ಡಾಲರಿಗೆ ಸುಮಾರು 18,000 ಮಾರ್ಕು. ಜುಲೈಯಲ್ಲಿ ಸುಮಾರು ಮೂರೂವರೆ ಲಕ್ಷ. ಸೆಪ್ಟೆಂಬರಿನಲ್ಲಿ ಸುಮಾರು ಹತ್ತು ಕೋಟಿ. ಅಕ್ಟೋಬರಿನಲ್ಲಿ 2,500 ಕೋಟಿ. ನವೆಂಬರ್ 20ನೆಯ ತಾರೀಖು 4 ಲಕ್ಷ 20 ಸಾವಿರ ಕೋಟಿ.

ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಸಂಖ್ಯಾಸ್ಥಾನಗಳ ಹೆಸರುಗಳಿವೆ. ಒಂದರ ಮುಂದೆ ಹನ್ನೆರಡು ಸೊನ್ನೆಗಳಿದ್ದರೆ ಮಹಾಪದ್ಮ, ಹದಿನಾಲ್ಕಿದ್ದರೆ ಜಲಧಿ, ಅರ್ಥಾತ್ ಸಮುದ್ರ. ಗ್ರಹಗತಿಯ ಗಣಿತಕ್ಕಲ್ಲದೆ ಇವು ಸಂಸಾರಿಗಳಿಗೆ ಬೇಕಾಗುವುವೆಂದು ಯಾರೂ ತಿಳಿದಿರಲಾರರು. ಜರ್ಮನಿಯ ಬ್ಯಾಂಕು ಅಚ್ಚುಹಾಕಿಸಿದ ಅತಿ ದೊಡ್ಡ ನೋಟು ಆ ಜಲಧಿಸಂಖ್ಯೆಯ ಮಾರ್ಕುಗಳದು! ಅಂಚೆಚೀಟಿಯ ಮೇಲೂ 5,000 ಕೋಟಿ ಮಾರ್ಕೆಂದು ಅಚ್ಚಾಯಿತು. ನೂರಕ್ಕೂ ಮೀರಿದ ಮುದ್ರಣಾಲಯಗಳು ಹಗಲಿರುಳು ದುಡಿದರೂ ನೋಟು ಸಾಲದೆ ಹೋಗಿ, ಒಂದೇ ಮಗ್ಗುಲಿಗೆ ಅಚ್ಚುಹಾಕಿ ಹಂಚಿದರು.

ಗೃಹಕೃತ್ಯದಲ್ಲಿ ನುರಿತ ನಮ್ಮ ಸೋದರಿಯರು ಅಲ್ಲಿಯ ಗೃಹಿಣಿಯರ ಪಾಡನ್ನು ಊಹಿಸಿಕೊಳ್ಳಬೇಕು. ಬರ್ಲಿನ್ ನಗರದಲ್ಲಿ 1922ರ ಕೊನೆಗೆ ಸುಮಾರು 160 ಮಾರ್ಕಿಗೆ ದೊರೆಯುತ್ತಿದ್ದ ಒಂದು ಬ್ರೆಡ್ಡಿಗೆ ಮುಂದಿನ ನವೆಂಬರಿನಲ್ಲಿ 20,000 ಕೋಟಿ ಮಾರ್ಕುಗಳು. ತಿಂಗಳ ಸಂಬಳವು ವಾರದ ಸಂಬಳವಾಗಿ, ಬಳಿಕ ದಿನದ ಸಂಬಳವಾಯಿತು. ಕೆಲವೆಡೆ ದಿನಕ್ಕೆ ಎರಡು ಬಾರಿ ಕೊಟ್ಟರು. ಗಂಡನ ಕೈಯಿಂದ ನೋಟಿನ ಕಟ್ಟನ್ನು ತೆಗೆದುಕೊಂಡ ಹೆಂಡತಿಯು ಅಂಗಡಿಗೆ ಓಡಬೇಕು. ಸಂಜೆಯವರೆಗೆ ತಡೆದರೆ ಅದರಲ್ಲಿ ಅರ್ಧದಷ್ಟು ಪದಾರ್ಥವೂ ಬಾರದು. ಆ ವರ್ಷ ಬೆಳೆಯೇನೂ ಕೆಟ್ಟಿರಲಿಲ್ಲ. ಆದರೆ ಕಾಗದಕ್ಕೆ ಕಾಳನ್ನು ಮಾರಲು ರೈತನು ಒಪ್ಪಲಿಲ್ಲ. ಪಟ್ಟಣದವರು ಪಿಯಾನೋ, ಬೆಳ್ಳಿಯ ಚಮಚ, ಮದುವೆಯಲ್ಲಿ ಬಂದ ವಸ್ತ್ರಗಳನ್ನು ಕೊಟ್ಟು ಆಲೂಗೆಡ್ಡೆಯನ್ನು ತಂದರು; ಕೊಡಲು ಏನೂ ಇಲ್ಲದವರು ರಾತ್ರಿ ಹೊಲಗಳಲ್ಲಿ ಅಗೆದರು. ಖಾಲಿ ಬಟ್ಟಲುಗಳನ್ನು ಮೇಲಕ್ಕೆತ್ತಿ ಹಿಡಿದ ಹಸಿದ ಮಕ್ಕಳ ಚಿತ್ರವೊಂದನ್ನು ಕೇಟೆ ಕೊಲ್ವಿಟ್ಸ್ ಎಂಬ ಕಲಾವಿದೆಯು ಆಗ ಬರೆದರು. ಧಾನ್ಯವಿದ್ದ ದೇಶದಲ್ಲಿ ಆ ಬಟ್ಟಲುಗಳು ಬರಿದಾದುದೇ ಇದರಲ್ಲಿ ಗಮನಿಸತಕ್ಕ ಸಂಗತಿ.

ಈ ಉತ್ಪಾತದಲ್ಲಿ ಎಲ್ಲರೂ ಸಮನಾಗಿ ಕೆಡಲಿಲ್ಲ. ಅತಿ ಹೆಚ್ಚಾಗಿ ಕೆಟ್ಟವರು ಮಿತವ್ಯಯಿಗಳು. ಒಬ್ಬ ಉಪಾಧ್ಯಾಯನು ಮೂವತ್ತು ವರ್ಷ ದುಡಿದು, ಮಗಳ ಮದುವೆಗೂ ತನ್ನ ವೃದ್ಧಾಪ್ಯಕ್ಕೂ ಎಂದು 20,000 ಮಾರ್ಕುಗಳನ್ನು ಬ್ಯಾಂಕಿನಲ್ಲಿಟ್ಟಿದ್ದನೆಂದು ಭಾವಿಸೋಣ. 1914ರಲ್ಲಿ ಅದು ಗೌರವದಿಂದ ಬಾಳತಕ್ಕಷ್ಟು ಹಣ. 1923ರ ನವೆಂಬರಿನಲ್ಲಿ ಅದರಿಂದ ಕೊಳ್ಳಬಹುದಾದುದು ಒಂದು ಬ್ರೆಡ್ಡಿನ ಕೋಟಿಯಲ್ಲಿ ಒಂದು ಪಾಲು. ವಿಮೆಯ ಹಣ, ವಿಧವೆಯ ಬಡ್ಡಿ, ಧರ್ಮಸಂಸ್ಥೆಗಳ ಮೂಲಧನ ಎಲ್ಲವೂ ಇದೇ ಗತಿಯನ್ನು ಹೊಂದಿದುವು. ಇತ್ತ ಸಾಲಗಾರನ ಭಾಗ್ಯವನ್ನು ನೋಡಿ: ಜಮೀನಿನ ಅಡಮಾನದ ಸಾಲವೆಲ್ಲವನ್ನೂ ಒಂದು ಮೊಟ್ಟೆಯನ್ನು ಮಾರಿದ ಹಣದಿಂದ ತೀರಿಸಬಹುದಾಗಿತ್ತು. ಬ್ಯಾಂಕಿನಿಂದ ಸಾಲವೆತ್ತಿ ಕಾರ್ಖಾನೆಗಳನ್ನು ಕೊಂಡ ಹ್ಯೂಗೋ ಸ್ಟಿನ್ನೆಸರಂತಹ ಉದ್ಯಮಪತಿಗಳು ಕುಬೇರರಾದರು. ಎಲ್ಲರಿಗಿಂತ ದೊಡ್ಡ ಸಾಲಗಾರನಾದ ಸರ್ಕಾರವು ಹತ್ತು ಸಾವಿರ ಕೋಟಿಯ ಯುದ್ಧಸಾಲದಿಂದ ಬಿಡುಗಡೆ ಹೊಂದಿತು. ಹೊಸ ನಾಣ್ಯದ ಲೆಕ್ಕದಲ್ಲಿ ಆ ಸಾಲವೆಲ್ಲ ಕೂಡಿ ಹತ್ತು ಪೆನ್ನಿಗ್ ಮಾತ್ರ, ಎಂದರೆ ಮಾರ್ಕಿನ ಹತ್ತನೆಯ ಒಂದು ಪಾಲು!

‘ಮಾರ್ಕಿಗೆ ಮಾರ್ಕು ಸಮ’ ಎಂಬ ನ್ಯಾಯವನ್ನು ಹಿಡಿದು ನ್ಯಾಯಾಲಯಗಳು ಬಹುಕಾಲ ಸಾಲ ಕೊಟ್ಟವರ ಮೊರೆಯನ್ನು ಕೇಳಲಿಲ್ಲ. ಕೊನೆಗೆ 1923ರ ನವೆಂಬರ್ 28ರಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಪ್ರಾಮಾಣಿಕ ವ್ಯವಹಾರದ ಧರ್ಮವನ್ನು ಮುಂದಿಟ್ಟು, ಅಂತಹ ತೀರುವಳಿಯು ಸಲ್ಲದೆಂದಿತು. 1925ರ ಕಾನೂನು ಅಡಮಾನದ ಸಾಲಗಳಲ್ಲಿ ನಾಲ್ಕನೆಯ ಒಂದು ಪಾಲನ್ನು ಕೊಡಿಸಿತು. ಸರ್ಕಾರದ ಸಾಲಪತ್ರಗಳಿಗೆ ದೊರೆತುದು ಅದಕ್ಕಿಂತಲೂ ಬಹಳ ಕಡಮೆ.

ದುಡಿಮೆಗೂ ಫಲಕ್ಕೂ ಇರುವ ಸಂಬಂಧವು ಕಡಿದಾಗ ಮನುಷ್ಯನು ತನ್ನ ಕಷ್ಟಕ್ಕೆ ಯಾರು ಕಾರಣರೆಂದು ಹುಡುಕತೊಡಗುತ್ತಾನೆ. ದುರ್ಬಲನೇ ಮೊದಲು ಕೈಗೆ ಸಿಕ್ಕುತ್ತಾನೆ. 1923ರ ನವೆಂಬರ್ 5ರಂದು ಬರ್ಲಿನ್ನಿನಲ್ಲಿ ಹಸಿದ ಗುಂಪುಗಳು ಬಡ ಯೆಹೂದ್ಯರ ಕೇರಿಗೆ ನುಗ್ಗಿ ಅಂಗಡಿಗಳನ್ನು ಸೂರೆಮಾಡಿ ಜನರನ್ನು ಹೊಡೆದುವು. ಅದೇ ವಾರ ಮ್ಯೂನಿಕ್ ನಗರದಲ್ಲಿ ಹಿಟ್ಲರನು ದಂಗೆಯೆಬ್ಬಿಸಲು ಯತ್ನಿಸಿ ಸೋತನು.

ರೋಗಕ್ಕೆ ಮದ್ದು ದೊರೆತ ಬಗೆಯು ಬೋಧಪ್ರದವಾಗಿದೆ. ಪ್ರಧಾನಿ ಸ್ಟ್ರೆಸೆಮಾನರು ಸೆಪ್ಟೆಂಬರಿನಲ್ಲಿ ರೂರ್ ಪ್ರಾಂತದ ಮುಷ್ಕರವನ್ನು ನಿಲ್ಲಿಸಿದರು. ನವೆಂಬರ್ 15ರಂದು ರೆಂಟನ್‌ಮಾರ್ಕ್ ಎಂಬ ಹೊಸ ನಾಣ್ಯವು ಹೊರಟಿತು. ಒಂದು ಮಹಾಪದ್ಮ ಹಳೆಯ ಮಾರ್ಕುಗಳಿಗೆ ಹೊಸತು ಒಂದು. ದೇಶದ ಭೂಮಿಯೂ ಉದ್ಯಮಗಳೂ ಅದಕ್ಕೆ ಈಡೆಂದು ಸಾರಿದರು. ವಸ್ತುತಃ ಆ ನೋಟನ್ನು ಕೊಟ್ಟು ಯಾರೂ ಒಂದು ಹಿಡಿ ಮಣ್ಣನ್ನು ಪಡೆಯುವಂತಿರಲಿಲ್ಲ. ಅದು ನಿಂತುದು ಬೇರೆ ಕಾರಣದಿಂದ: ಇಷ್ಟೇ ಅಚ್ಚುಹಾಕುವೆವೆಂದು ಮಿತಿಯನ್ನು ಹೇಳಿದರು, ಹೇಳಿದಂತೆ ನಡೆದರು. ನಾಣ್ಯದ ಮೇಲ್ವಿಚಾರಕರಾದ ಷಾಖ್ಟರು ಬೇಡಿದವರಿಗೆಲ್ಲ ಇಲ್ಲವೆಂದರು. ಸರ್ಕಾರವು ಲಕ್ಷಾಂತರ ನೌಕರರನ್ನು ಬಿಡಿಸಿ ವೆಚ್ಚವನ್ನು ಇಳಿಸಿತು. ಮಾತು ನಿಂತೊಡನೆ ನಾಣ್ಯವೂ ನಿಂತಿತು. ಧಾನ್ಯವು ಪೇಟೆಗೆ ಬಂದಿತು.

ಆದರೆ ಗಾಯವು ಮಾಯಲಿಲ್ಲ. 1923ರ ಹಣದುಬ್ಬರವೇ ಹಿಟ್ಲರನನ್ನು ತಂದಿತೆಂದು ಹಲವರು ಬರೆಯುತ್ತಾರೆ, ಇದು ಅರ್ಧಸತ್ಯ. 1928ರ ಚುನಾವಣೆಯಲ್ಲಿಯೂ ಅವನ ಪಕ್ಷಕ್ಕೆ ದೊರೆತುದು 12 ಸ್ಥಾನಗಳು ಮಾತ್ರ. 1929ರಲ್ಲಿ ಅಮೆರಿಕದ ಪೇಟೆಯು ಕುಸಿದ ಮೇಲೆ ಅಲ್ಲಿಂದ ಬರುತ್ತಿದ್ದ ಸಾಲವು ನಿಂತು, 1932ರ ವೇಳೆಗೆ ನಿರುದ್ಯೋಗಿಗಳು ಅರುವತ್ತು ಲಕ್ಷವಾದರು. ಹಿಂದೆ ಹಣವು ಮಿತಿಮೀರಿ ಹರಿದಿತ್ತು. ಈಗ ಹರಿಯದೆ ಬತ್ತಿತು. ಆದರೂ ಪ್ರಧಾನಿ ಬ್ರೂನಿಂಗರು ಸಂಬಳಗಳನ್ನೂ ವೆಚ್ಚವನ್ನೂ ಇನ್ನಷ್ಟು ಕಡಿದರು; ಹಿಂದಿನ ಹಣದುಬ್ಬರದ ಭಯವೂ ಇದಕ್ಕೊಂದು ಕಾರಣವಾಗಿತ್ತು. ಜ್ವರದಲ್ಲಿ ಬೆಂದ ನೆನಪಿನಿಂದ ಶೀತದಲ್ಲಿ ನಡುಗುವವನಿಗೆ ಹೊದಿಕೆಯನ್ನು ಕಿತ್ತಂತಾಯಿತು. 1932ರ ಜುಲೈಯಲ್ಲಿ ಆ ಪಕ್ಷಕ್ಕೆ 230 ಸ್ಥಾನಗಳು ದೊರೆತುವು. 1933ರ ಜನವರಿ 30ರಂದು ಹಿಟ್ಲರನು ಪ್ರಧಾನಿಯಾದನು. ಮೊದಲ ಪೆಟ್ಟು ಉಳಿತಾಯವನ್ನು ಕಸಿಯಿತು, ಎರಡನೆಯದು ಉದ್ಯೋಗವನ್ನು. ಎರಡು ಬಾರಿ ವಂಚಿತರಾದವರಲ್ಲಿ ಬಹುಮಂದಿ ಗಣರಾಜ್ಯವನ್ನು ಕಾಯಲು ಮುಂದೆ ಬರಲಿಲ್ಲ.

ಇದು ಹಳೆಯ ಕಥೆಯೆಂದು ಮರೆಯುವಂತಿಲ್ಲ. 1946ರಲ್ಲಿ ಹಂಗೇರಿ, 2008ರಲ್ಲಿ ಜಿಂಬಾಬ್ವೆ ಇದೇ ವ್ಯಾಧಿಗೆ ತುತ್ತಾದುವು. 2022ರಲ್ಲಿ ನಮ್ಮ ನೆರೆಯ ಶ್ರೀಲಂಕೆಯು ಬೇರೊಂದು ಬಗೆಯ ಸಂಕಟದಲ್ಲಿ ಸಿಲುಕಿ ಹೊರಗಿನ ಸಾಲವನ್ನು ತೀರಿಸಲಾರದೆ ಹೋಯಿತು. ಮಕ್ಕಳಿಗೆ ಮಿತವ್ಯಯವನ್ನು ಕಲಿಸುವ ನಾವು ಅದರೊಡನೆ ಇನ್ನೊಂದನ್ನೂ ಕಲಿಸಬೇಕು. ಸರ್ಕಾರವು ಯಾವ ಹೊಸ ವೆಚ್ಚವನ್ನು ಸಾರಿದರೂ, ಅದು ನಮಗೆ ಎಷ್ಟೇ ಪ್ರಿಯವಾಗಿರಲಿ, ಈ ಹಣವು ಎಲ್ಲಿಂದ ಬರುವುದು, ಯಾರು ತೆರುವರು ಎಂದು ಕೇಳುವುದು ಪ್ರಜೆಯ ಕರ್ತವ್ಯ. ಗಂಡನು ಸಾಲ ತಂದಾಗ ಮನೆಯೊಡತಿಯು ಕೇಳುವ ಪ್ರಶ್ನೆಯೂ ಇದೇ ಅಲ್ಲವೆ? 1914ರಲ್ಲಿ ಜರ್ಮನಿಯ ಮನೆಗಳಲ್ಲಿ ಆ ಪ್ರಶ್ನೆಯನ್ನು ಕೇಳಿದವರು ತೀರ ಕಡಮೆ. ಅದಕ್ಕೆ ಉತ್ತರವು ಒಂಬತ್ತು ವರ್ಷಗಳ ಬಳಿಕ ಅವರ ಮಕ್ಕಳ ಬಟ್ಟಲಿನಲ್ಲಿ ಕಾಣಿಸಿತು.