ಅಕ್ವೇರಿಯಂನ ಮಾಸ್: ಬೆಳೆಸುವ ಕ್ರಮ ಮತ್ತು ತರಗತಿಯಲ್ಲಿ ಬಳಕೆ

ಕೆರೆಯಲ್ಲಿ ತೇಲುವ ಹಸಿರು ಎಳೆಗಳಿಗೂ, ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯನ್ನು ಮುಚ್ಚುವ ಮೆತ್ತನೆಯ ಹಾಸಿಗೂ ಆಡುಮಾತಿನಲ್ಲಿ ‘ಪಾಚಿ’ ಎಂಬ ಒಂದೇ ಹೆಸರಿದೆ. ಸಸ್ಯಗಳ ವರ್ಗೀಕರಣ ಬೋಧಿಸುವಾಗ ನಾವು ಮೊದಲನೆಯದನ್ನು ಶೈವಲ ಎಂದೂ ಎರಡನೆಯದನ್ನು ಬ್ರಯೋಫೈಟ್ ಎಂದೂ ಬೇರ್ಪಡಿಸುತ್ತೇವೆ. ವಿದ್ಯಾರ್ಥಿಗಳು ಎರಡೂ ವ್ಯಾಖ್ಯೆಗಳನ್ನು ಬರೆದುಕೊಳ್ಳುತ್ತಾರೆ. ಆದರೆ ಮನಸ್ಸಿನಲ್ಲಿ ಪಾಚಿ ಒಂದೇ ಆಗಿ ಉಳಿಯುತ್ತದೆ. ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಇನ್ನೊಂದು ತೊಡಕೂ ಇದೆ. ಮಳೆ ನಿಂತ ಮೇಲೆ ಗೋಡೆಯ ಮಾಸ್ ಒಣಗುತ್ತದೆ. ಆಗ ಕೈಯಲ್ಲಿ ಉಳಿಯುವುದು ಚಾರ್ಟ್ ಮಾತ್ರ. ಮನೆಯ ಅಕ್ವೇರಿಯಂನಲ್ಲಿ ಅಲಂಕಾರಕ್ಕೆ ಬೆಳೆಸುವ ಮಾಸ್ ಈ ಎರಡೂ ತೊಡಕುಗಳನ್ನು ನೀಗಿಸಬಲ್ಲದು.

ಅಂಗಡಿಯಲ್ಲಿ ಸಿಗುವ ಮೂರು ಹಸಿರು

ಅಲಂಕಾರಿಕ ಮೀನುಗಳ ಅಂಗಡಿಯಲ್ಲಿ ಮೂರು ಬಗೆಯ ಹಸಿರನ್ನು ಗಮನಿಸಬಹುದು.

1. ಜಾವಾ ಮಾಸ್: ಇದು ನಿಜವಾದ ಮಾಸ್. ವೈಜ್ಞಾನಿಕ ಹೆಸರು ಟ್ಯಾಕ್ಸಿಫಿಲ್ಲಮ್ ಬಾರ್ಬಿಯೆರಿ. ಕಾಂಡದಂತಹ ಸಣ್ಣ ಎಳೆ, ಅದರ ಮೇಲೆ ಎಲೆಯಂತಹ ಪುಟ್ಟ ರಚನೆಗಳು ಕಾಣುತ್ತವೆ.

2. ರಿಕ್ಸಿಯಾ: ಪಠ್ಯಪುಸ್ತಕಗಳಲ್ಲಿ ಹೆಸರು ಕೇಳಿರುವ ಬ್ರಯೋಫೈಟ್ ಇದು. ನೀರಿನ ಮೇಲೆ ತೇಲುವ ರಿಕ್ಸಿಯಾ ಫ್ಲೂಯಿಟನ್ಸ್ ಎಂಬ ಪ್ರಭೇದದ ದೇಹ ಚಪ್ಪಟೆಯಾಗಿದ್ದು, ಮತ್ತೆ ಮತ್ತೆ ಎರಡಾಗಿ ಕವಲೊಡೆಯುತ್ತದೆ. ಕಾಂಡ, ಎಲೆ ಎಂಬ ಭೇದವಿಲ್ಲ.

3. ಮಾಸ್ ಬಾಲ್: ಹೆಸರಿನಲ್ಲಿ ಮಾಸ್ ಇದ್ದರೂ ಇದು ಈಗಾಗ್ರೊಪೈಲಾ ಲಿನ್ನೇಯಿ ಎಂಬ ಹಸಿರು ಶೈವಲ. ಕವಲೊಡೆದ ಎಳೆಗಳು ಒತ್ತಾಗಿ ಸೇರಿ ಚೆಂಡಿನಂತಾಗಿರುತ್ತವೆ. ಜಪಾನಿನಲ್ಲಿ ಇದಕ್ಕೆ ಮಾರಿಮೋ ಎನ್ನುತ್ತಾರೆ. ಅಲ್ಲಿನ ಹೊಕ್ಕೈಡೊದ ಅಕಾನ್ ಸರೋವರದ ಮಾರಿಮೋವನ್ನು 1952ರಲ್ಲಿ ವಿಶೇಷ ನೈಸರ್ಗಿಕ ಸ್ಮಾರಕವೆಂದು ಘೋಷಿಸಲಾಯಿತು.

ನಮ್ಮ ‘ಪಾಚಿ’ಯಂತೆಯೇ ಇಂಗ್ಲಿಷಿನ ‘ಮಾಸ್’ ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ವರ್ಗೀಕರಣ ನಿಂತಿರುವುದು ರಚನೆಯ ಮೇಲೆಯೇ ಹೊರತು ಹೆಸರಿನ ಮೇಲಲ್ಲ ಎಂಬುದನ್ನು ಈ ಮೂರು ಮಾದರಿಗಳು ತೋರಿಸಿಕೊಡುತ್ತವೆ.

ಜಾವಾ ಮಾಸ್ ಬೆಳೆಸುವ ಕ್ರಮ

ನಲ್ಲಿಯ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಬಿಟ್ಟರೆ ಅದರಲ್ಲಿರುವ ಕ್ಲೋರಿನ್ ಬಹುಮಟ್ಟಿಗೆ ಹೊರಹೋಗುತ್ತದೆ. ಒಂದು ಒರಟು ಕಲ್ಲು ಅಥವಾ ಮರದ ತುಂಡಿನ ಮೇಲೆ ಮಾಸನ್ನು ತೆಳುವಾಗಿ ಹರಡಿ, ಹತ್ತಿಯ ದಾರದಿಂದ ಸಡಿಲವಾಗಿ ಸುತ್ತಬೇಕು. ದಪ್ಪವಾಗಿ ಹರಡಿದರೆ ಕೆಳಪದರಕ್ಕೆ ಬೆಳಕು ಸಿಗದೆ ಅದು ಕಂದಾಗಿ ಕೊಳೆಯುತ್ತದೆ. ಕೆಲವು ವಾರಗಳಲ್ಲಿ ಮಾಸಿನ ರೈಜಾಯ್ಡ್‌ಗಳು ಕಲ್ಲನ್ನು ಹಿಡಿದುಕೊಳ್ಳುತ್ತವೆ; ಹತ್ತಿಯ ದಾರ ತಾನಾಗಿ ಕೊಳೆತುಹೋಗುತ್ತದೆ.

ರೈಜಾಯ್ಡ್‌ಗಳು ಬೇರುಗಳಲ್ಲ. ಅವುಗಳ ಮುಖ್ಯ ಕೆಲಸ ಅಂಟಿಕೊಳ್ಳುವುದು. ನೀರನ್ನೂ ಲವಣಗಳನ್ನೂ ಮಾಸ್ ತನ್ನ ಮೈಯಿಂದಲೇ ಹೀರಿಕೊಳ್ಳುತ್ತದೆ. ಆದ್ದರಿಂದ ತೊಟ್ಟಿಯ ತಳಕ್ಕೆ ಮಣ್ಣು, ಗೊಬ್ಬರ ಹಾಕುವ ಅಗತ್ಯವಿಲ್ಲ.

ಮಂದ ಬೆಳಕು ಸಾಕು. ದಿನಕ್ಕೆ ಆರರಿಂದ ಎಂಟು ಗಂಟೆ ಎಲ್‌ಇಡಿ ದೀಪ ಉರಿಸಬಹುದು. ಕಿಟಕಿಯ ನೇರ ಬಿಸಿಲು ಬೇಡ. ನೀರು 20ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ತೊಟ್ಟಿಯನ್ನು ಮನೆಯ ತಂಪು ಮೂಲೆಗೆ ಸರಿಸಬೇಕು. ವಾರಕ್ಕೊಮ್ಮೆ ನೀರಿನ ಕಾಲುಭಾಗ ಬದಲಿಸಿ, ಬೆಳೆದ ತುದಿಗಳನ್ನು ಕತ್ತರಿಸಬೇಕು. ಕತ್ತರಿಸಿದ ತುಣುಕನ್ನು ಇನ್ನೊಂದು ಕಲ್ಲಿಗೆ ಕಟ್ಟಿದರೆ ಹೊಸ ಗಿಡ ಸಿದ್ಧ. ತುಂಡರಿಕೆಯಿಂದಾಗುವ ನಿರ್ಲಿಂಗ ಸಂತಾನೋತ್ಪತ್ತಿಗೆ ಇದು ಕಣ್ಣೆದುರಿನ ಉದಾಹರಣೆ.

ಬೆಳಕು ಅತಿಯಾದರೆ ಮಾಸಿನ ಮೇಲೆ ಕೂದಲಿನಂತಹ ಶೈವಲ ಹಬ್ಬುತ್ತದೆ. ಅಲಂಕಾರದ ದೃಷ್ಟಿಯಿಂದ ಅದು ಕಾಟ. ಆದರೆ ಶಿಕ್ಷಕರಿಗೆ ಒಂದೇ ಕಲ್ಲಿನ ಮೇಲೆ ಎರಡೂ ‘ಪಾಚಿ’ಗಳು ದೊರೆತಂತೆ. ಅದರಲ್ಲಿ ಸ್ವಲ್ಪವನ್ನು ಪಾಠಕ್ಕೆ ಎತ್ತಿಟ್ಟುಕೊಂಡು ಉಳಿದದ್ದನ್ನು ತೆಗೆಯಬಹುದು.

ತರಗತಿಯಲ್ಲಿ

ನೀರು ತುಂಬಿದ ಜಾಡಿಯಲ್ಲಿ ಮಾಸ್ ಕಟ್ಟಿದ ಕಲ್ಲನ್ನು ಶಾಲೆಗೆ ಸುಲಭವಾಗಿ ಒಯ್ಯಬಹುದು. ವ್ಯಾಖ್ಯೆಯನ್ನು ಮೊದಲೇ ಹೇಳದೆ, ಪ್ರತಿ ಗುಂಪಿಗೂ ಮಾಸಿನ ಒಂದು ಎಳೆ, ಶೈವಲದ ಒಂದು ಎಳೆ ಹಾಗೂ ಭೂತಗನ್ನಡಿ ಕೊಡಬೇಕು. “ಎರಡಕ್ಕೂ ಒಂದೇ ಹೆಸರು ಸರಿಯೇ? ನಿಮ್ಮ ಉತ್ತರಕ್ಕೆ ಆಧಾರವೇನು?” ಎಂಬ ಪ್ರಶ್ನೆಯಿಂದ ಪಾಠ ಆರಂಭವಾಗಲಿ. ಬಳಿಕ ಸೂಕ್ಷ್ಮದರ್ಶಕದಲ್ಲಿ ಮಾಸಿನ ಎಲೆಯನ್ನು ನೋಡಿಸಬಹುದು. ಅದರ ಬಹುಭಾಗ ಒಂದೇ ಜೀವಕೋಶದಷ್ಟು ದಪ್ಪವಿರುವುದರಿಂದ ಸೀಳಿಕೆ ತೆಗೆಯದೆಯೇ ಕೋಶಭಿತ್ತಿ, ಕ್ಲೋರೋಪ್ಲಾಸ್ಟ್‌ಗಳು ಕಾಣುತ್ತವೆ. ಶೈವಲದಲ್ಲಿ ಕಾಣುವುದು ಸಾಲಾಗಿ ಜೋಡಿಸಿದ ಕೋಶಗಳ ಎಳೆ.

ಅನಂತರ ರಿಕ್ಸಿಯಾ ತೋರಿಸಬೇಕು. ಕಾಂಡ, ಎಲೆ ಇಲ್ಲದ ಇದನ್ನು ಮಕ್ಕಳು ಶೈವಲದ ಗುಂಪಿಗೆ ಸೇರಿಸುವುದು ಸಹಜ. ಹೊರರೂಪ ಮಾತ್ರ ಸಾಲದು, ಸಂತಾನೋತ್ಪತ್ತಿಯನ್ನೂ ನೋಡಬೇಕು ಎಂದು ಹೇಳಲು ಅದೇ ಸರಿಯಾದ ಹೊತ್ತು: ಬ್ರಯೋಫೈಟ್‌ಗಳಲ್ಲಿ ಭ್ರೂಣ ತಾಯಿಸಸ್ಯದ ರಕ್ಷಣೆಯಲ್ಲಿ ಬೆಳೆಯುತ್ತದೆ, ಶೈವಲಗಳಲ್ಲಿ ಭ್ರೂಣದ ಹಂತವಿಲ್ಲ.

ಮಿತಿ ಮತ್ತು ಎಚ್ಚರಿಕೆ

ನೀರಿನೊಳಗಿನ ಜಾವಾ ಮಾಸಿನಲ್ಲಿ ಬೀಜಾಣುಗಳ ಸಂಪುಟ ಕಾಣಸಿಗುವುದು ಅಪರೂಪ. ನಾವು ತೋರಿಸುವುದು ಗ್ಯಾಮಿಟೋಫೈಟ್ ಹಂತವನ್ನು ಮಾತ್ರ. ಸ್ಪೋರೋಫೈಟ್‌ಗೆ ಮಳೆಗಾಲದ ಗೋಡೆಯನ್ನೇ ಆಶ್ರಯಿಸಬೇಕು. ಹೆಚ್ಚಾದ ಗಿಡ, ತೊಟ್ಟಿಯ ನೀರು ಯಾವುದನ್ನೂ ಕೆರೆ ಅಥವಾ ಹಳ್ಳಕ್ಕೆ ಬಿಡಬಾರದು. 2021ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿದ್ದ ಮಾಸ್ ಬಾಲ್‌ಗಳೊಳಗೆ ಜೀಬ್ರಾ ಮಸೆಲ್ ಎಂಬ ಆಕ್ರಮಣಕಾರಿ ಚಿಪ್ಪುಜೀವಿ ಪತ್ತೆಯಾಗಿ, ಅವನ್ನು ಅಂಗಡಿಗಳಿಂದ ತೆಗೆಸಬೇಕಾಯಿತು. ಉಳಿದ ಗಿಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕುವುದು, ನೀರನ್ನು ಕುಂಡದ ಗಿಡಗಳಿಗೆ ಸುರಿಯುವುದು ಕ್ಷೇಮ. ಈ ಕೆಲಸವನ್ನೂ ಮಕ್ಕಳ ಕೈಯಿಂದಲೇ ಮಾಡಿಸಿದರೆ ಅದೂ ಪಾಠದ ಭಾಗವಾಗುತ್ತದೆ.