ಹಿತ್ತಿಲಲ್ಲಿ ಕಟ್ಟಿದ ವೇಗದ ಗಾಡಿ

ಮೋಟಾರು ಗಾಡಿಯೊಂದು ಹಳತಾಗಿ ಗುಜರಿಯ ಅಂಗಳವನ್ನು ಸೇರಿತೆಂದರೆ ಅದರ ಆಯುಸ್ಸು ತೀರಿತೆಂದೇ ಲೋಕದ ಎಣಿಕೆ. ಆದರೆ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ, ೧೯೩೦ರ ಆಚೀಚೆಯ ವರ್ಷಗಳಿಂದ ಮೊದಲ್ಗೊಂಡು, ಅಂಥ ಅಂಗಳಗಳೇ ಒಂದು ಹೊಸ ಬಗೆಯ ಗಾಡಿಗೆ ತವರುಮನೆಯಾದುವು. ಕೈಯಲ್ಲಿ ಹಣವಿಲ್ಲದ, ಆದರೆ ಯಂತ್ರದ ಹುಚ್ಚು ಹಿಡಿದ ತರುಣರು ಅಗ್ಗಕ್ಕೆ ದೊರೆಯುತ್ತಿದ್ದ ಹಳೆಯ ಫೋರ್ಡ್ ಗಾಡಿಗಳನ್ನು ಮನೆಗೆ ತಂದು, ಬಿಚ್ಚಿ, ಕತ್ತರಿಸಿ, ಬೆಸೆದು, ಬೆಲೆಬಾಳುವ ಕಾರುಗಳನ್ನೂ ಹಿಂದೆ ಹಾಕಬಲ್ಲ ವಾಹನಗಳನ್ನು ಕಟ್ಟಿದರು. ಇವಕ್ಕೆ ‘ಹಾಟ್ ರಾಡ್’ ಎಂಬ ಹೆಸರು ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ರೂಢಿಗೆ ಬಂದಿತು. ಪದಶಃ ನೋಡಿದರೆ ‘ಬಿಸಿ ಸರಳು’ ಎಂದಾಗುತ್ತದೆ. ಆ ಹೆಸರಿನ ಮೂಲದ ವಿಷಯದಲ್ಲಿ ಒಮ್ಮತವಿಲ್ಲ. ಇಲ್ಲದಿದ್ದರೂ ನಮಗೇನೂ ನಷ್ಟವಿಲ್ಲ.

ಈ ಹವ್ಯಾಸ ಆ ಸೀಮೆಯಲ್ಲಿಯೇ ಬೇರೂರಿದುದಕ್ಕೆ ಕಾರಣಗಳುಂಟು. ಅಲ್ಲಿನ ಒಣ ಹವೆಯಲ್ಲಿ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಲಾಸ್ ಏಂಜಲಿಸ್ ನಗರದ ಉತ್ತರಕ್ಕಿರುವ ಮೊಜಾವೆ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಬತ್ತಿದ ಸರೋವರಗಳಿವೆ. ನೀರಾರಿದ ಮೇಲೆ ಅವುಗಳ ತಳವು ಮೈಲಿಗಟ್ಟಲೆ ಹರಡಿದ ಗಟ್ಟಿಯಾದ, ಮಟ್ಟಸವಾದ ಬಯಲು. ತರುಣರು ರಜೆಯ ದಿನ ಗಾಡಿಯನ್ನು ಅಲ್ಲಿಯವರೆಗೆ ಓಡಿಸಿಕೊಂಡೇ ಹೋಗುವರು. ಮಡ್‌ಗಾರ್ಡು, ದೀಪ, ಮುಂಗಾಜುಗಳನ್ನು ಕಳಚಿಟ್ಟು ವೇಗವನ್ನು ಅಳೆಯಿಸುವರು. ಸಂಜೆ ಎಲ್ಲವನ್ನೂ ಮರಳಿ ಜೋಡಿಸಿ ಮನೆಗೆ ಹಿಂದಿರುಗುವರು.

ಈ ಕಳಚುವ ಕೆಲಸವೇ ಹಾಟ್ ರಾಡಿನ ಮೊದಲ ಪಾಠ. ಒಂದೇ ಬಲವು ಅರ್ಧದಷ್ಟು ರಾಶಿಯ ಮೇಲೆ ವರ್ತಿಸಿದರೆ ವೇಗೋತ್ಕರ್ಷ ಇಮ್ಮಡಿಯಾಗುತ್ತದೆಂದು ನ್ಯೂಟನ್ನನ ಎರಡನೆಯ ನಿಯಮ ಹೇಳುತ್ತದೆ. ತೂಕವನ್ನಿಳಿಸಲು ಕಾಸಿನ ಖರ್ಚಿಲ್ಲ, ಸ್ಪ್ಯಾನರೊಂದಿದ್ದರೆ ಸಾಕು.

ಎಂಜಿನ್ನಿನ ಕಥೆ ಇಷ್ಟು ಸುಲಭವಲ್ಲ. ೧೯೩೨ರಲ್ಲಿ ಹೆನ್ರಿ ಫೋರ್ಡ್ ಎಂಟು ಸಿಲಿಂಡರುಗಳನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಎರಡು ಸಾಲಾಗಿ ಒಂದೇ ಎರಕದಲ್ಲಿ ಹೊಯ್ದು, ಸಾಮಾನ್ಯರು ಕೊಳ್ಳಬಲ್ಲ ಗಾಡಿಯಲ್ಲಿ ಕೂರಿಸಿದ. ಅದರ ಗಾತ್ರ ೩.೬ ಲೀಟರು, ಶಕ್ತಿ ೬೫ ಅಶ್ವಶಕ್ತಿ. ಅದನ್ನು ಹೊತ್ತ ತೆರೆದ ಗಾಡಿಯ ತೂಕವೋ ಸುಮಾರು ೧೦೦೦ ಕಿಲೋಗ್ರಾಂ ಮಾತ್ರ. ಕೆಲವೇ ವರ್ಷಗಳಲ್ಲಿ ಇಂಥ ಎಂಜಿನ್ನುಗಳು ಗುಜರಿಯಲ್ಲಿ ಯಥೇಚ್ಛವಾಗಿ ದೊರೆಯತೊಡಗಿದುವು.

ಎಂಜಿನ್ನು ಉಸಿರಾಡುವ ಪ್ರಾಣಿಯಿದ್ದಂತೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಎಷ್ಟು ಒಳಗೆಳೆದುಕೊಳ್ಳುತ್ತದೆಯೋ, ಅದನ್ನು ಉರಿಸುವ ಮೊದಲು ಎಷ್ಟು ಒತ್ತುತ್ತದೆಯೋ ಅದರ ಮೇಲೆ ಶಕ್ತಿ ನಿಂತಿದೆ. ಆದುದರಿಂದ ಒಂದು ಕಾರ್ಬ್ಯುರೇಟರಿನ ಬದಲು ಎರಡು ಮೂರನ್ನು ಕೂರಿಸಿದರು. ಕವಾಟಗಳು ಹೆಚ್ಚು ಹೊತ್ತು ತೆರೆದಿರುವಂತೆ ಕ್ಯಾಮ್ ದಂಡದ ಉಬ್ಬುಗಳನ್ನು ಬೇರೆ ಆಕಾರಕ್ಕೆ ಅರೆದರು. ಇದರಿಂದ ಎಂಜಿನ್ನು ಭರದಿಂದ ತಿರುಗುವಾಗ ಶಕ್ತಿ ಹೆಚ್ಚುತ್ತದೆ. ನಿಧಾನವಾಗಿ ತಿರುಗುವಾಗ ಉಸಿರು ತಪ್ಪಿ ಗುಡುಗುಡು ನಡುಗುತ್ತದೆ. ಹವ್ಯಾಸಿಗಳಿಗೆ ಆ ನಡುಕವೇ ಸಂಗೀತ! ಸಿಲಿಂಡರನ್ನು ಒಳಗಿನಿಂದ ಕೊರೆದು ಅಗಲಿಸುವುದು ಇನ್ನೊಂದು ದಾರಿ. ಮೂಲದಲ್ಲಿ ೩ ಅಂಗುಲ ಮೀರಿ ಹದಿನಾರನೆಯ ಒಂದಂಶವಿದ್ದ ವ್ಯಾಸವನ್ನು, ಗೋಡೆ ದಪ್ಪನಾಗಿದ್ದ ಮುಂದಿನ ಎರಕಗಳಲ್ಲಿ, ೩ ಅಂಗುಲ ಮೀರಿ ಹದಿನಾರನೆಯ ಐದಂಶದವರೆಗೆ ಒಯ್ಯುತ್ತಿದ್ದರು. ಅದರೊಂದಿಗೆ ಪಿಸ್ಟನ್ನಿನ ಓಟವನ್ನು ೩.೭೫ ಅಂಗುಲದಿಂದ ೪ ಅಂಗುಲಕ್ಕೆ ಏರಿಸಿದರೆ ಎಂಜಿನ್ನಿನ ಗಾತ್ರ ೪.೫ ಲೀಟರಾಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಈ ಎಂಜಿನ್ನಿನ ಕವಾಟಗಳು ಸಿಲಿಂಡರಿನ ಮೇಲಲ್ಲ, ಪಕ್ಕದಲ್ಲಿವೆ. ಹಾಗಾಗಿ ಮುಚ್ಚಳ ಚಪ್ಪಟೆಯಾಗಿದ್ದು, ‘ಫ್ಲಾಟ್‌ಹೆಡ್’ ಎಂಬ ಹೆಸರು ಬಂದಿತು. ಮಿಶ್ರಣವನ್ನು ಹೆಚ್ಚು ಒತ್ತಬೇಕಾದರೆ ಮುಚ್ಚಳದ ಒಳಮಾಡನ್ನು ತಗ್ಗಿಸಬೇಕು. ತಗ್ಗಿಸಿದರೆ ಕವಾಟದಿಂದ ಸಿಲಿಂಡರಿಗೆ ಮಿಶ್ರಣ ಹರಿಯುವ ಓಣಿಯೇ ಕಿರಿದಾಗುತ್ತದೆ. ಒತ್ತಡ ಬೇಕೆಂದರೆ ಉಸಿರಿಗೆ ಸಂಚಕಾರ. ಸಾಲದುದಕ್ಕೆ, ಉರಿದ ಅನಿಲವು ಎರಕದ ಒಡಲೊಳಗೇ ತಂಪುನೀರಿನ ನಡುವೆ ಹಾದು ಹೊರಬೀಳಬೇಕು. ಪ್ರತಿ ಸಾಲಿನ ನಾಲ್ಕು ಸಿಲಿಂಡರುಗಳಿಗೆ ಹೊರದಾರಿಗಳು ಮೂರೇ. ನಡುವಣ ಎರಡೂ ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಹೊರಗೆ ಹೋಗಬೇಕಾದ ಶಾಖ ಹೀಗೆ ನೀರಿಗೆ ಸೇರುತ್ತದೆ. ಶಕ್ತಿ ಹೆಚ್ಚಿದಂತೆ ಶಾಖವೂ ಹೆಚ್ಚಿ, ಹಳೆಯ ರೇಡಿಯೇಟರು ಸಾಲದೆ ನೀರು ಕುದಿಯುತ್ತದೆ. ಎಂಜಿನ್ನನ್ನು ಮುಟ್ಟಿದವನು ರೇಡಿಯೇಟರನ್ನೂ ಮುಟ್ಟಲೇಬೇಕು.

ಇಷ್ಟೆಲ್ಲ ಮಾಡಿ ಶಕ್ತಿಯನ್ನು ಇಮ್ಮಡಿಸಿದೆವೆನ್ನೋಣ. ವೇಗವೂ ಇಮ್ಮಡಿಯಾದೀತೇ? ಇಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಂತೆ. ಗಾಳಿಯ ತಡೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಗಂಟೆಗೆ ೧೨೦ ಕಿಲೋಮೀಟರಿನಿಂದ ೧೫೦ಕ್ಕೆ ಏರಲು ಸುಮಾರು ಎರಡರಷ್ಟು ಶಕ್ತಿ ಬೇಕು. ಅದರಿಂದಲೇ ಗಾಳಿಗೆ ಎದುರಾಗುವ ಮೈಯನ್ನು ಕುಗ್ಗಿಸುವ ಉಪಾಯಗಳು ಹುಟ್ಟಿದುವು. ಒಡಲನ್ನು ಅಡಿಗಟ್ಟಿನ ಮೇಲೆ ಕೂರಿಸುವ ಬದಲು ಅದರ ಇಕ್ಕೆಲಗಳಲ್ಲಿ ಕೆಳಗಿಳಿಸಿದರು. ಮಾಡಿರುವ ಗಾಡಿಗಳಲ್ಲಿ ಕಂಬಗಳಿಂದ ಕೆಲವು ಅಂಗುಲಗಳನ್ನು ಕತ್ತರಿಸಿ ಮಾಡನ್ನು ತಗ್ಗಿಸಿದರು. ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಕಂಬಗಳು ಓರೆಯಾಗಿದ್ದರೆ, ಕತ್ತರಿಸಿದ ಮೇಲೆ ಮೇಲಿನ ತುದಿಯೂ ಕೆಳಗಿನ ತುದಿಯೂ ಒಂದಕ್ಕೊಂದು ಕೂಡುವುದಿಲ್ಲ. ಮಾಡನ್ನೇ ಸೀಳಿ, ನಡುವೆ ತಗಡಿನ ಪಟ್ಟಿಗಳನ್ನು ಬೆಸೆಯಬೇಕಾಗುತ್ತದೆ.

ಓಡುವುದರ ಮಾತಾಯಿತು, ನಿಲ್ಲುವುದು ಹೇಗೆ? ನಮ್ಮ ದೃಷ್ಟಿಯಲ್ಲಿ ಹಾಟ್ ರಾಡಿನ ನಿಜವಾದ ಪರೀಕ್ಷೆ ಇಲ್ಲಿಯೇ. ಗಂಟೆಗೆ ೧೫೦ ಕಿಲೋಮೀಟರಿನಂತೆ ಓಡುವ ೧೦೦೦ ಕಿಲೋಗ್ರಾಂ ಗಾಡಿಯ ಚಲನಶಕ್ತಿಯು ಎರಡೂವರೆ ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಯ ಮಟ್ಟಕ್ಕೆ ತರಬಲ್ಲುದು. ಬ್ರೇಕನ್ನು ಒತ್ತಿದಾಗ ಅಷ್ಟು ಶಾಖವೂ ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಕಬ್ಬಿಣದ ಡ್ರಮ್ಮುಗಳಲ್ಲಿ ಹುಟ್ಟುತ್ತದೆ. ಕಾದ ಡ್ರಮ್ಮು ಹಿಗ್ಗಿ, ಒಳಗಿನಿಂದ ಅದನ್ನು ಒತ್ತುವ ಪಟ್ಟಿಗಳಿಂದ ದೂರ ಸರಿಯುತ್ತದೆ. ಪಟ್ಟಿಗಳ ಹಿಡಿತವೂ ಕಾವಿಗೆ ಕುಂದುತ್ತದೆ. ಬ್ರೇಕು ಹೆಚ್ಚು ಬೇಕಾದಾಗಲೇ ಕಡಿಮೆಯಾಗುತ್ತದೆ. ೧೯೩೨ರ ಫೋರ್ಡಿನಲ್ಲಿದ್ದುದು ಸರಳುಗಳಿಂದ ಎಳೆಯುವ ಬ್ರೇಕು. ಫೋರ್ಡ್ ಗಾಡಿಗಳಿಗೆ ದ್ರವದ ಒತ್ತಡದ ಬ್ರೇಕು ಬಂದುದು ೧೯೩೯ರ ಮಾದರಿಯಿಂದ. ಬಲ್ಲವರು ಎಂಜಿನ್ನಿಗೆ ಕೈಯಿಕ್ಕುವ ಮೊದಲೇ ಅದನ್ನು ಹುಡುಕಿ ತರುತ್ತಿದ್ದರು.

ಅಡಿಗಟ್ಟಿಗೂ ಇದೇ ನ್ಯಾಯ. ೬೫ ಅಶ್ವಶಕ್ತಿಗೆಂದು ಮಾಡಿದ ಉಕ್ಕಿನ ತೊಲೆಗಳು ಅದರ ಎರಡರಷ್ಟು ಶಕ್ತಿಗೆ ತಿರುಚಿಕೊಳ್ಳುತ್ತವೆ. ವಾಚಕರು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ದಪ್ಪ ಕಾಗದವನ್ನು ಕೊಳವೆಯಂತೆ ಸುತ್ತಿ, ಅಂಚನ್ನು ಅಂಟಿಸಿ ತಿರುಚಲು ಯತ್ನಿಸಿ, ಜಗ್ಗದು. ಅದನ್ನೇ ಉದ್ದಕ್ಕೆ ಸೀಳಿ ತಿರುಚಿ, ಶ್ರಮವಿಲ್ಲದೆ ತಿರುಗುತ್ತದೆ. ಹಳೆಯ ಗಾಡಿಯ ತೊಲೆಗಳು ಒಂದು ಬದಿ ತೆರೆದವು, ಸೀಳಿದ ಕೊಳವೆಯಂತೆ. ತೆರೆದ ಬದಿಗೆ ತಗಡನ್ನು ಬೆಸೆದು ಪೆಟ್ಟಿಗೆಯಾಗಿಸಿದರೆ, ತೂಕ ಸ್ವಲ್ಪವೇ ಹೆಚ್ಚಿದರೂ ತಿರುಚಿಗೆ ಎದುರಾದ ಬಿಗಿ ಹಲವು ಪಟ್ಟು ಹೆಚ್ಚುತ್ತದೆ. ಬೆಸುಗೆ ಚೆನ್ನಾಗಿರಬೇಕೆಂಬುದು ಬೇರೆ ಮಾತು. ಹೊರಗೆ ನುಣುಪಾಗಿ ಕಾಣುವ ಬೆಸುಗೆ ಒಳಗಿನ ಲೋಹಕ್ಕೆ ಇಳಿಯದೇ ಇರಬಹುದು. ಸ್ಟಿಯರಿಂಗಿನ ಸಂದುಗಳಲ್ಲಿ ಅಂಥ ಬೆಸುಗೆ ಬಿಟ್ಟರೆ ಎರಡನೆಯ ಅವಕಾಶವಿಲ್ಲ.

ತರುಣರು ಊರ ಬೀದಿಗಳಲ್ಲಿಯೇ ಪಂದ್ಯ ಕಟ್ಟತೊಡಗಿದಾಗ ಸಾವುನೋವುಗಳಾಗಿ, ಹಾಟ್ ರಾಡ್ ಎಂದರೆ ಪೋಲೀಸರೂ ಪತ್ರಿಕೆಗಳೂ ಹೌಹಾರುವಂತಾಯಿತು. ಬತ್ತಿದ ಸರೋವರಗಳ ಓಟವನ್ನು ಕ್ರಮಕ್ಕೆ ತರಲು ೧೯೩೭ರಲ್ಲಿಯೇ ದಕ್ಷಿಣ ಕ್ಯಾಲಿಫೋರ್ನಿಯದ ಕೂಟಗಳು ಒಂದು ಸಂಘವನ್ನು ಕಟ್ಟಿಕೊಂಡಿದ್ದುವು. ೧೯೪೯ರಲ್ಲಿ ಅದೇ ಸಂಘವು ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ವೇಗದ ಸಪ್ತಾಹವನ್ನು ಆರಂಭಿಸಿತು. ೧೯೫೧ರಲ್ಲಿ ವಾಲಿ ಪಾರ್ಕ್ಸ್ ಎಂಬಾತ ಸ್ಥಾಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಾಲು ಮೈಲಿಯ ನೇರ ಓಟಕ್ಕೆ ನಿಯಮಗಳನ್ನು ರೂಪಿಸಿತು. ೧೯೫೪ರಿಂದ ಅದರ ತಂಡವೊಂದು ಊರೂರಿಗೆ ಸಂಚರಿಸಿ, ಬೀದಿಯನ್ನು ಬಿಟ್ಟು ಮೀಸಲಾದ ಪಟ್ಟಿಯಲ್ಲಿ ಪಂದ್ಯ ನಡೆಸುವ ಕ್ರಮವನ್ನು ಕಲಿಸಿತು. ನಮ್ಮ ದೇಶದ ಮಾತು ಬೇರೆ: ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ನಿರ್ಬಂಧಿಸುತ್ತದೆ, ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ.

ಇಂಥ ಪಂದ್ಯಗಳಲ್ಲಿ ಗಾಡಿಯನ್ನು ಓಟಕ್ಕೆ ಬಿಡುವ ಮೊದಲು ಪರೀಕ್ಷಕರು ಅದರ ಕೆಳಗೆ ನುಸುಳುತ್ತಾರೆ. ಮಿರುಗುವ ಕಾರ್ಬ್ಯುರೇಟರುಗಳು ಅವರನ್ನು ಮರುಳುಗೊಳಿಸುವುದಿಲ್ಲ. ಅವರು ನೋಡುವುದು ಬ್ರೇಕಿನ ಕೊಳವೆಗಳನ್ನು, ಬೆಸುಗೆಗಳನ್ನು, ಸೊಂಟಪಟ್ಟಿ ಅಡಿಗಟ್ಟಿಗೆ ಕಚ್ಚಿದ ಬಗೆಯನ್ನು, ಸ್ಟಿಯರಿಂಗಿನ ನಟ್ಟುಗಳು ಕಳಚದಂತೆ ಹಾಕುವ ಸ್ಪ್ಲಿಟ್ ಪಿನ್ನುಗಳನ್ನು. ಅವುಗಳಲ್ಲೊಂದು ಇಲ್ಲದಿದ್ದರೂ ಗಾಡಿ ಬಂದ ದಾರಿಯಲ್ಲಿ ಹಿಂದಿರುಗಬೇಕು.